ಊಟ ಆಯ್ತು ಅಂದಿದ್ದಕ್ಕೆ

ನನ್ನ ಗಂಡ ತೀರಿಕೊಂಡ ವರ್ಷ ಅವರ ಅಣ್ಣ, ನಮ್ಮ ಭಾವ, ಅಜ್ಜಂಪುರದಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದರು: "ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೋಳು ಹಿಟ್ಟಿನ ಮಿಲ್ಲು ನಡೆಸ್ತಾಳಂತೆ. ಆರು ತಿಂಗಳು ನೋಡ್ರಿ, ಬೆಲ್ಟ್ ಹರಿಯುತ್ತೆ, ಬಾಗಿಲು ಹಾಕ್ತಾಳೆ."

ಬೆಲ್ಟು ಹತ್ತಾರು ಸಲ ಹರಿದಿದೆ. ಬಾಗಿಲು ಹಾಕಿಲ್ಲ. ಆದರೆ ಕೈಗೆ ಸಂಧಿವಾತ ಬಂತು. ಬೆಳಗ್ಗೆ ಹತ್ತರವರೆಗೆ ಬೆರಳು ಮಡಚಲು ಬರುವುದಿಲ್ಲ, ಸ್ವಿಚ್ಚನ್ನು ಮೊಣಕೈಯಿಂದ ಎತ್ತುತ್ತೇನೆ. ನಾನು ಮಲಗಿದರೆ ಮಿಲ್ಲು ತಮಗೆ ಎಂದು ಭಾವ ಕಾಯುತ್ತಿದ್ದಾರೆ. ಇದು ಸಾಲದೆಂಬಂತೆ ಫಜೀತಿಗಳು ಮನೆ ವಿಳಾಸ ಕೇಳಿಕೊಂಡು ಬರುತ್ತವೆ.

ಮಾತ್ರೆಯ ಕೊಡುಕೊಳ್ಳುವಿಕೆ

ಕೈನೋವಿಗೆ ಊರಿನ ಡಾಕ್ಟರು ಎರಡು ಥರ ಮಾತ್ರೆ ಕೊಟ್ಟಿದ್ದರು. ನೋವಿಗೊಂದು, ಆ ನೋವಿನ ಮಾತ್ರೆಯಿಂದ ಹೊಟ್ಟೆ ಕೆಡದಿರಲು ಇನ್ನೊಂದು. ಬೀಗರೂಟ ಮುಗಿಸಿ ರಾಗಿ ಬೀಸಲು ಬಂದ ಪಕ್ಕದ ಬೀದಿಯ ಅಕ್ಕ, "ಹೊಟ್ಟೆ ಉಬ್ಬರ ಕಣೇ, ಏನಾದ್ರೂ ಐತಾ?" ಎಂದರು. ಹೊಟ್ಟೆ ಮಾತ್ರೆ ಕೊಟ್ಟೆ. ಮರುದಿನ ಅವರ ಓರಗಿತ್ತಿ ಬಂದರು, ಆಮೇಲೆ ಅತ್ತೆ. ತಿಂಗಳ ಮಾತ್ರೆ ವಾರಕ್ಕೇ ಮುಗಿಯಿತು. ಉಪಕಾರ ಮರೆಯುವ ಜನ ಅಲ್ಲ. ತಮ್ಮ ತಮ್ಮ ಮಂಡಿನೋವಿನ ಮಾತ್ರೆ ತಂದುಕೊಟ್ಟರು. ಅವನ್ನೂ ನುಂಗಿದೆ. ಬೀದಿಯವರ ಹೊಟ್ಟೆಯೆಲ್ಲ ತಣ್ಣಗಾಯಿತು, ನನ್ನದು ಹೊತ್ತಿ ಉರಿಯಿತು.

ಓದಿದ ಕಾಯಿಲೆ

ಖಾರದ ಮಿಷನ್ನಿನ ಗಾಳಿ ಕುಡಿದು ಉರಿ ಬಂದಿದೆ ಎಂದು ಎಲ್ಲರ ತೀರ್ಪು. ಪೊಟ್ಟಣ ಕಟ್ಟುವ ಹಳೇ ಪೇಪರಿನಲ್ಲಿ ಓದು ಕಲಿತವಳು ನಾನು. "ಇದು ನೋವಿನ ಮಾತ್ರೆಯಿಂದಲೂ ಬರುತ್ತೆ ಅಂತ ಪೇಪರ್‌ನಲ್ಲಿ ಓದಿದೀನಿ ಭಾವ" ಎಂದೆ.

"ಅದ್ಕೇ ಓದ್ಬೇಡ ಅನ್ನೋದು. ಓದಿದ್ ಕಾಯಿಲೆನೆಲ್ಲ ತರಿಸ್ಕೊಂತೀಯ."

ತರೀಕೆರೆಯಲ್ಲಿ

ಬೆರಳು ಊದಿಕೊಂಡು ತರೀಕೆರೆ ಡಾಕ್ಟರ ಹತ್ತಿರ ಹೋದೆ. "ಊಟ ಆಯ್ತೇನಮ್ಮಾ?" ಎಂದರು. "ಆಯ್ತು ಸಾರ್" ಎಂದೆ. ಬೆಳಗಿನಿಂದ ಕಾಫಿ ಬಿಟ್ಟು ಏನೂ ಇಳಿದಿರಲಿಲ್ಲ. ಜೋರಾದ ಮಾತ್ರೆಯೊಂದನ್ನು ಅಲ್ಲೇ ನುಂಗಿಸಿದರು.

ಮೂರನೇ ದಿನ ಹೊಟ್ಟೆ ಹಿಡಿದುಕೊಂಡು ಮತ್ತೆ ಹೋದೆ. ಮಲ ಡಾಂಬರಿನಂತೆ ಕಪ್ಪಾಗಿತ್ತು. "ಒಳಗೆ ಹುಣ್ಣಾಗಿ ರಕ್ತ ಹೋಗ್ತಿದೆ. ಅವತ್ತು ಊಟ ಆಯ್ತು ಅಂದ್ರಲ್ಲಮ್ಮಾ?"

"ಕೇಳಿದೋರಿಗೆ ಮತ್ತೇನು ಹೇಳ್ಬೇಕು ಸಾರ್? ಇಲ್ಲ, ನಿಮ್ಮನೇಲೇ ಉಣ್ತೀನಿ ಅನ್ನಕ್ಕಾಗುತ್ತಾ?"

ಕ್ಯಾಮೆರಾ

ಬಾಯಿಂದ ಕ್ಯಾಮೆರಾ ಇಳಿಸಿ ಹೊಟ್ಟೆ ನೋಡಲು ಶಿವಮೊಗ್ಗಕ್ಕೆ ಕಳಿಸಿದರು. ಖಾಲಿ ಹೊಟ್ಟೆಯಲ್ಲಿ ಬರಬೇಕಿತ್ತು. ಹಿಂದಿನ ಸಂಜೆಯಿಂದ ತೊಟ್ಟು ನೀರು ಮುಟ್ಟದೆ ಹೋದೆ. ನರ್ಸಮ್ಮ ನಗುತ್ತಾ, "ತಿಂಡಿ ಆಯ್ತಾ?" ಎಂದಳು.

"ಆಯ್ತಮ್ಮ, ನಿಂದು?"

ಚೀಟಿಯ ಮೇಲೆ ಅಡ್ಡ ಗೆರೆ ಎಳೆದು, "ನಾಳೆ ಬನ್ನಿ" ಎಂದಳು. ಏನೂ ತಿಂದಿಲ್ಲವೆಂದು ಗೋಗರೆದೆ.

"ಈಗ ತಾನೇ ಆಯ್ತು ಅಂದ್ರಿ?"

"ಅದು ಮರ್ಯಾದೆಗೆ ಹೇಳಿದ್ದು ಕಣಮ್ಮ."

"ಮರ್ಯಾದೆ ತಿಂದ್ಕೊಂಡು ಬಂದೋರಿಗೂ ಕ್ಯಾಮೆರಾ ಬಿಡಲ್ಲ."

ನಿಜ ಹೇಳಿದ್ದು

ಮರುದಿನ ಹುಣ್ಣು ಕಂಡಿತು, ಔಷಧಿ ಶುರುವಾಯಿತು, ಕಾಫಿ ಬಂದಾಯಿತು. ಇನ್ನು ಊಟ ಆಯ್ತಾ ಎಂದರೆ ನಿಜವನ್ನೇ ಹೇಳುವುದೆಂದು ಹಟ ಹಿಡಿದೆ. ಹಾಲಿನವಳಿಗೆ "ಇಲ್ಲ". ಪಕ್ಕದ ಬೀದಿಯ ಅಕ್ಕನಿಗೆ "ಇನ್ನೂ ಇಲ್ಲ". ವಾರದೊಳಗೆ ಮಿಲ್ಲಿನವಳಿಗೆ ಊಟಕ್ಕೂ ಗತಿಯಿಲ್ಲವೆಂದು ಊರಿಡೀ ಸುದ್ದಿ. ಒಬ್ಬರು ಮುದ್ದೆ ಕಳಿಸಿದರು, ಇನ್ನೊಬ್ಬರು ಬಸ್ಸಾರು. ಕೊನೆಗೆ ಭಾವನೇ ಗಾಡಿಯ ಮೇಲೆ ಒಂದು ಚೀಲ ರಾಗಿ ಹೇರಿಕೊಂಡು ಬಂದರು.

"ನಾನವತ್ತೇ ಅಂದಿರ್ಲಿಲ್ವಾ? ಈ ರಾಗಿ ಇಟ್ಕೊ. ಮಿಲ್ಲು ನಂಗೆ ಬಿಟ್ಕೊಡು, ಸುಮ್ನೆ ಮನೇಲಿರು."

ಮೊಣಕೈಯಿಂದ ಸ್ವಿಚ್ ಎತ್ತಿದೆ. ಚೀಲದ ರಾಗಿಯನ್ನೆಲ್ಲ ನುಣ್ಣಗೆ ಬೀಸಿ, ಅದೇ ಚೀಲಕ್ಕೆ ತುಂಬಿ, ಅವರ ಗಾಡಿಗೇ ಒರಗಿಸಿದೆ. "ಮನೆಗೆ ತಗೊಂಡೋಗಿ ಭಾವ. ಗಿರಾಕಿಗಳನ್ನ ಕಾಯಿಸೋ ಅಭ್ಯಾಸ ನಂಗಿಲ್ಲ."

ಸುತ್ತ ನಿಂತ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಭಾವ ಚೀಲ ಎತ್ತಿಡುತ್ತಾ, "ಊಟ ಆಯ್ತಾ?" ಎಂದುಬಿಟ್ಟರು.

"ಆಯ್ತು ಭಾವ, ನಿಮ್ದು?"

ಅವತ್ತು ನಿಜಕ್ಕೂ ಆಗಿತ್ತು. ನಾಲ್ಕು ಮನೆಯ ಸಾರು ಉಂಡಿದ್ದೆ.

ಈಗ ನನ್ನದೆಂದು ಇರುವುದು ಹಿಟ್ಟಿಗೊಂದು, ಖಾರಕ್ಕೊಂದು ಮಿಷನ್ನು, ಬಾಗಿಲ ಮೇಲೆ ನನ್ನ ಹೆಸರಿನ ಬೋರ್ಡು. ಅದಕ್ಕೆ ತೆತ್ತದ್ದು ನೆಟ್ಟಗಾಗದ ನಾಲ್ಕು ಬೆರಳು, ಹೊಟ್ಟೆಯೊಳಗೊಂದು ಕಲೆ, ಮತ್ತೆ ಬೆಳಗಿನ ಕಾಫಿ. ಬೆರಳು ಹೋದರೆ ಹೋಗಲಿ, ಆ ಕಾಫಿಯದೇ ಬೇಜಾರು.