ಸೈಜುಗಲ್ಲಿನ ಮೇಲೊಂದು ಅಮೆರಿಕಾ ಕಾರು

ಇಡೀ ಯಲಹಂಕದಲ್ಲಿ ಮನೆ ಮುಂದೆ ಕಾರಿಟ್ಟುಕೊಂಡು ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಏಕೈಕ ಮಹಾಶಯರೆಂದರೆ ನಮ್ಮ ಭಾವ. ಪೆಟ್ರೋಲ್ ಉಳಿಸಲಿಕ್ಕೆ ಅಂದುಕೊಂಡಿರಾ? ಛೆ, ಅಷ್ಟು ಬುದ್ಧಿವಂತಿಕೆಯನ್ನು ದಯವಿಟ್ಟು ಅವರ ತಲೆಗೆ ಕಟ್ಟಬೇಡಿ! ಕಾರು ಅಮೆರಿಕಾದ್ದು. ಸೀಟು ನಮ್ಮ ಮನೆಯ ಹಾಸಿಗೆಗಿಂತ ಮೆತ್ತಗಿತ್ತು. ಎಂಜಿನ್ ಭರ್ಜರಿಯಾಗಿತ್ತು. ಒಂದೇ ಒಂದು ಸಣ್ಣ ಕೊರತೆ ಅಂದರೆ, ಅದಕ್ಕೆ ಚಕ್ರಗಳಿರಲಿಲ್ಲ.

ಇದಕ್ಕಿಂತ ದೊಡ್ಡ ತಮಾಷೆ ಏನು ಗೊತ್ತೇ? ಭಾವ ಕೆಲಸ ಮಾಡುತ್ತಿದ್ದುದು ರೈಲಿನ ಗಾಲಿ ತಯಾರಿಸುವ ಕಾರ್ಖಾನೆಯಲ್ಲಿ! ದೇಶದ ರೈಲುಗಳಿಗೆಲ್ಲ ಗಾಲಿ ಕೊಟ್ಟ ಮನುಷ್ಯನ ಮನೆಯಲ್ಲಿ ಕಾರು ಗೋಡೆ ಕಟ್ಟುವ ನಾಲ್ಕು ಸೈಜುಗಲ್ಲಿನ ಮೇಲೆ ಕೂತಿತ್ತು. ಸಹೋದ್ಯೋಗಿಗಳು ಬಿಡುತ್ತಾರೆಯೇ? "ಸಾರ್, ನಾಲ್ಕು ರೈಲು ಗಾಲಿ ಹಾಕ್ಕೊಂಡು ದೊಡ್ಡಬಳ್ಳಾಪುರದ ಟ್ರ್ಯಾಕ್ ಮೇಲೆ ಬಿಟ್ಬಿಡಿ, ಸಿಗ್ನಲ್ ನಾವು ಕೊಡಿಸ್ತೀವಿ" ಎನ್ನುತ್ತಿದ್ದರಂತೆ.

ಇದು ಎಂಬತ್ತರ ದಶಕದ ಮಾತು. ನಾನಾಗ ಆರ್.ಟಿ. ನಗರದ ಒಂದು ಆಫೀಸಿನಲ್ಲಿ ಟೈಪಿಸ್ಟ್. ಮದುವೆಯಾಗುವವರೆಗೆ ಅಕ್ಕ-ಭಾವನ ಮನೆಯಲ್ಲೇ ಇದ್ದೆ. ಭಾವ ಧಾರವಾಡದ ಕಡೆಯವರು. ಹೆಬ್ಬಾಳದ ಹತ್ತಿರ ಯಾವುದೋ ಹಳೇ ಬಂಗಲೆ ಖಾಲಿ ಮಾಡಿ ಸಾಮಾನು ಹರಾಜು ಹಾಕಿದಾಗ ಮಂಚ ತರುತ್ತೇನೆಂದು ಹೋದವರು ಲಾರಿಯಲ್ಲಿ ಈ ಕಾರು ಹೇರಿಕೊಂಡು ಬಂದರು. ಚಕ್ರಗಳನ್ನು ಯಾರೋ ಆಗಲೇ ಬಿಚ್ಚಿಕೊಂಡು ಹೋಗಿದ್ದರು. ಇಳಿಸಲು ಯಶವಂತಪುರದ ಮಂಡಿಯಿಂದ ಹಮಾಲರು ಬಂದರು. ಈರುಳ್ಳಿ ಮೂಟೆ ಎತ್ತುವ ಆ ಗಟ್ಟಿ ಆಳುಗಳು ಕಾರನ್ನು ಕೆಳಗಿಟ್ಟು, ಸೊಂಟ ಹಿಡಿದುಕೊಂಡು, "ಯಾಕ್ ಸಾಮಿ, ಇದಕ್ಕೆ ನಡೆಯಕ್ಕೆ ಬರಲ್ವಾ?" ಎಂದು ಕೇಳಿದರು. ಅಕ್ಕ ಬಾಗಿಲಲ್ಲಿ ನಿಂತು, "ಮಂಚ ಎಲ್ರೀ?" ಎಂದಳು.

"ಮಂಚಕ್ಕಿಂತ ಮೆತ್ತಗೈತಿ, ಹಿಂದಿನ ಸೀಟು ನೋಡು!" ಎಂದರು ಭಾವ.

ಅಕ್ಕನೂ ಮೊದಮೊದಲು ಖುಷಿಯಾಗಿಯೇ ಇದ್ದಳು, ಸುಳ್ಳು ಯಾಕೆ ಹೇಳಲಿ. ಅವಳಿಗಿದ್ದುದು ಒಂದೇ ಆಸೆ: ಮುಂದಿನ ಸೀಟಿನಲ್ಲಿ ಕೂತು, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗ ಹೊರಟು, ಹೆಬ್ಬಾಳ ಕೆರೆಯವರೆಗೆ ಒಂದು ರೌಂಡ್ ಹೋಗಿ ಬರಬೇಕು. ಅಷ್ಟೇ. ಭಾವನೂ ಮಾತು ಕೊಟ್ಟಿದ್ದರು. ಆದರೆ ಚಕ್ರ?

ಚಕ್ರ ಅಂದರೆ ಯಾವುದೋ ಒಂದು ಚಕ್ರವಲ್ಲ! ಭಾವ ಫುಟ್‌ಪಾತಿನಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಯೊಂದನ್ನು ಕೊಂಡಿದ್ದರು. ಅದರಲ್ಲಿ ಇದೇ ಕಾರಿನ ಬಣ್ಣದ ಚಿತ್ರವಿತ್ತು. ಐದು ತೋಳಿನ, ಥಳಥಳ ಹೊಳೆಯುವ ಡಿಸ್ಕು. ಅದರ ಮೇಲೆ ಅಗಲವಾದ ಟೈರು. ಟೈರಿನ ಪಕ್ಕೆಯಲ್ಲಿ ಸುತ್ತಲೂ ತೆಳ್ಳಗೆ ಒಂದು ಕೆಂಪು ಗೆರೆ. ಆ ಕಾರು ಬಂದ ಕಾಲದಲ್ಲಿ ಅದಕ್ಕೆ ಅದೇ ಶೋಭೆಯಂತೆ. ಬೇರೆಯದನ್ನು ಹಾಕುವುದೆಂದರೆ ಮಹಾಪಾಪವಂತೆ. ಆ ಚಿತ್ರ ಕತ್ತರಿಸಿ ಭಾವ ಎಲ್ಲಿ ಅಂಟಿಸಿದರು ಗೊತ್ತೇ? ದೇವರ ಮನೆಯಲ್ಲಿ! ಅಕ್ಕ ದಿನಾ ಮಂಗಳಾರತಿ ಎತ್ತುವಾಗ ಅದನ್ನು ಬಿಟ್ಟು ಎತ್ತಬೇಕಾಗುತ್ತಿತ್ತು.

ಪಂಚರ್ ಅಂಗಡಿಯವನು ಪಾಪ ಒಳ್ಳೆಯ ಮಾತೇ ಹೇಳಿದ. "ಸಾರ್, ಅಂಬಾಸಿಡರ್ ಚಕ್ರ ಹಾಕೋಣ. ಲೇತ್‌ನಲ್ಲಿ ತೂತು ಕೊರೆಸಿದ್ರೆ ಕೂತ್ಕೊಳ್ತದೆ. ಆರಾಮಾಗಿ ಓಡ್ತದೆ."

ಭಾವನ ಮುಖ ಕೆಂಪಾಯಿತು. "ಏನಂದಿ? ಇದು ಪೈಲ್ವಾನ್ ಗಾಡಿ. ಪೈಲ್ವಾನಗ ಹವಾಯಿ ಚಪ್ಪಲ್ ಹಾಕ್ಸಿ ಕುಸ್ತಿಗೆ ಇಳಸ್ತೀಯೇನು?"

"ಬರಿಗಾಲಲ್ಲಿ ನಿಲ್ಲಿಸೋದಕ್ಕಿಂತ ವಾಸಿ ಅಲ್ವಾ ಸಾರ್?" ಎಂದ ಅವನು. ಭಾವ ಆಮೇಲೆ ಸೈಕಲ್ಲಿಗೆ ಗಾಳಿ ಹೊಡೆಸಲೂ ಆ ಅಂಗಡಿಗೆ ಹೋಗಲಿಲ್ಲ.

ಕಾರು ಓಡದಿದ್ದರೇನು, ಪ್ರತಿ ಭಾನುವಾರ ಎಂಜಿನ್ ಚಾಲೂ ಆಗಲೇಬೇಕು. ಅದು ಗುಡುಗಿದರೆ ನಮ್ಮ ಅಡುಗೆಮನೆಯ ಪಾತ್ರೆಗಳು ನಡುಗುತ್ತಿದ್ದವು. ಪಕ್ಕದ ಮನೆಯವರ ರೇಡಿಯೋ ಕೇಳಿಸುತ್ತಿರಲಿಲ್ಲ. "ನಿಮ್ಮ ಕಾರು ನಿಂತಲ್ಲೇ ಇಷ್ಟು ಸದ್ದು ಮಾಡತ್ತೆ, ಓಡಿದ್ರೆ ಏನ್ ಗತಿ ಕಣ್ರೀ" ಎಂದು ಅವರು ಅಕ್ಕನನ್ನು ಕೇಳುತ್ತಿದ್ದರು. "ಅದೊಂದು ಭಯ ನಿಮಗೆ ಬೇಡ" ಎನ್ನುತ್ತಿದ್ದಳು ಅಕ್ಕ.

ಒಂದು ಸಲ ಹಳೇ ಟೈರಿನ ವ್ಯಾಪಾರಿಯೊಬ್ಬ ಆಟೋದಲ್ಲಿ ಟೈರು ತಂದ. ಕೆಂಪು ಗೆರೆಯಿತ್ತು! ಅಕ್ಕ ಆರತಿ ತಟ್ಟೆ ತರಲು ಒಳಗೋಡಿದಳು. ಭಾವ ಮಾತ್ರ ಗೇಟಿನಲ್ಲೇ ನಿಂತು ಮೂಗರಳಿಸಿ, "ಪೇಂಟಿನ ವಾಸನಿ ಬರಾಕತ್ತೈತಿ" ಎಂದರು. ಹೋಗಿ ಉಗುರಿನಿಂದ ಕೆರೆದರೆ ಕೆಂಪೆಲ್ಲ ಉಗುರಿಗೆ ಬಂತು. ವ್ಯಾಪಾರಿಗೆ ಒಂದಿಷ್ಟು ನಾಚಿಕೆಯಾಗಬೇಡವೇ? "ಒಳ್ಳೇ ಕಂಪನಿ ಪೇಂಟ್ ಗುರುಗಳೇ, ಮಳೆಗೂ ಹೋಗಲ್ಲ!" ಎಂದು ನಮಗೇ ಸಮಾಧಾನ ಹೇಳಿದ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ನನಗೆ ಪಾಠ. "ನೋಡವಾ ತಂಗಿ, ಅಸಲಿ ಗೆರಿ ರಬ್ಬರಿನೊಳಗ ಇರತೈತಿ. ಎಷ್ಟು ಕೆರದ್ರೂ ಹೋಗಾಂಗಿಲ್ಲ. ಗಾಲಿ ವಿಷಯದಾಗ ನಾ ಸುಳ್ಳು ಹೇಳಾಂವಲ್ಲ, ಸುಳ್ಳು ಕೇಳಾಂವಲ್ಲ." ಹುಳಿ ಆರಿಹೋಗುವವರೆಗೆ ಇದೇ ಉಪನ್ಯಾಸ.

ಇನ್ನು ಆಯುಧಪೂಜೆಯ ಫಜೀತಿ ಕೇಳಿ. ಬೀದಿಯ ಸ್ಕೂಟರು, ಆಟೋಗಳೆಲ್ಲ ಬಾಳೆಕಂದು ಕಟ್ಟಿಕೊಂಡು ನಿಂತಿದ್ದವು. ನಮ್ಮ ಕಾರಿಗೂ ಚೆಂಡುಹೂವಿನ ಹಾರ ಬಿತ್ತು, ಬೂದುಗುಂಬಳ ಒಡೆದದ್ದಾಯಿತು, ನಾಲ್ಕು ಸೈಜುಗಲ್ಲುಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟದ್ದೂ ಆಯಿತು. ಪುರೋಹಿತರು ಅಭ್ಯಾಸಬಲದಿಂದ, "ಹ್ಞಾಂ, ಈಗ ಗಾಡಿ ಒಂಚೂರು ಮುಂದಕ್ಕೆ ತಗೊಳ್ಳಿ" ಎಂದುಬಿಟ್ಟರು. ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿಯಿತು. ಭಾವ ಗಂಭೀರವಾಗಿ ಹೋಗಿ ಸೈಕಲ್ ತಂದು, ಕಾರನ್ನು ಸುತ್ತು ಹಾಕುತ್ತಾ ನಾಲ್ಕೂ ನಿಂಬೆಹಣ್ಣಿನ ಮೇಲೆ ಹತ್ತಿಸಿ ಜಜ್ಜಿದರು!

ನಕ್ಕವರು ನಕ್ಕರು. ಅಕ್ಕ ನಗಲಿಲ್ಲ. ಆ ವರ್ಷವೆಲ್ಲ ತಡೆದುಕೊಂಡವಳು ಮುಂದಿನ ಹಬ್ಬ ಹತ್ತಿರ ಬಂದಾಗ ಖಡಾಖಂಡಿತವಾಗಿ ಹೇಳಿದಳು. "ನೋಡ್ರೀ, ಈ ಸಲ ಆಯುಧಪೂಜೆ ಒಳಗೆ ಇದು ರಸ್ತೆಗೆ ಇಳೀಬೇಕು. ಇಲ್ದಿದ್ರೆ ಹಬ್ಬದ ದಿನವೇ ಗುಜರಿಯವನಿಗೆ ಕೊಡ್ತೀನಿ. ಅಂಬಾಸಿಡರ್ ಚಕ್ರ ಹಾಕ್ತೀರೋ, ಎತ್ತಿನ ಗಾಡಿ ಚಕ್ರ ಹಾಕ್ತೀರೋ ನಿಮಗೆ ಬಿಟ್ಟಿದ್ದು."

ಭಾವ, "ಕೊಡು. ಬ್ಯಾರೆ ಗಾಲಿ ಮಾತ್ರ ಹಾಕಾಂಗಿಲ್ಲ" ಎಂದರು. ಹಟ ಅಂದರೆ ಹಟ! ಗುಜರಿಯವನು ಬಂದು ಕಾರಿನ ಸುತ್ತ ತಿರುಗಿ, ಬಾನೆಟ್ ತಟ್ಟಿ ನೋಡಿಕೊಂಡು ಹೋದ. ಅವತ್ತಿನಿಂದ ಭಾವನಿಗೆ ಊಟ ಸೇರಲಿಲ್ಲ.

ಹಬ್ಬಕ್ಕೆ ಒಂದು ವಾರವಿದೆ ಎನ್ನುವಾಗ ಸುದ್ದಿ ಬಂತು. ರಾಜಾನುಕುಂಟೆಯ ಒಂದು ಮನೆಯ ಕೊಟ್ಟಿಗೆಯಲ್ಲಿ ಇಂಥದ್ದೇ ಕಾರು ನಿಂತಿದೆಯಂತೆ, ಚಕ್ರ ಸಮೇತ! ಭಾವ ಭಾವುಕರಾಗಿ ಕೇಳಿದ ಬೆಲೆಗೆ ತಲೆಯಾಡಿಸಿಯಾರೆಂದು ಅಕ್ಕ ನನ್ನನ್ನೂ ಕಾವಲಿಗೆ ಕಳಿಸಿದಳು. ಬಸ್ಸಿನಲ್ಲಿ ಭಾವ ದಾರಿಯುದ್ದಕ್ಕೂ ಕಾಲು ಕುಣಿಸುತ್ತಿದ್ದರು.

ಕೊಟ್ಟಿಗೆಯಲ್ಲಿ ಎರಡು ಹಸು, ಅವುಗಳ ಪಕ್ಕದಲ್ಲಿ ಕಾರು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಮನೆಯಾಕೆ ವಯಸ್ಸಾದ ಹೆಂಗಸು. ಆಕೆಯ ಗಂಡ ದ್ರಾಕ್ಷಿ ತೋಟದ ಧಣಿಯೊಬ್ಬರ ಹತ್ತಿರ ಡ್ರೈವರಾಗಿದ್ದವನಂತೆ. ಧಣಿ ದೇಶ ಬಿಟ್ಟು ಹೋಗುವಾಗ ಕಾರನ್ನು ಅವನಿಗೇ ಕೊಟ್ಟು ಹೋದರಂತೆ. ಈಗ ಅವನೂ ಇಲ್ಲ.

"ತಕ್ಕೊಂಡೋಗಿ ಸಾಮಿ. 'ಕೊಟ್ಬುಡವ್ವ, ಆ ಜಾಗ್ದಲ್ಲಿ ಇನ್ನೊಂದು ಅಸ ಕಟ್ಬೋದು' ಅಂತಾನೆ ಮಗ" ಎಂದರು ಆಕೆ.

ನಾನು ಬಗ್ಗಿ ನೋಡಿದೆ. ಐದು ತೋಳು! ಕೆಂಪು ಗೆರೆ! ಉಗುರಿನಿಂದ ಕೆರೆದೆ. ಹೋಗಲಿಲ್ಲ. ಗಟ್ಟಿಯಾಗಿ ಕೆರೆದೆ. ಊಹೂಂ! ಭಾವನ ಕಡೆ ತಿರುಗಿದರೆ, ಅವರು ಬೇರೇನನ್ನೋ ನೋಡುತ್ತಿದ್ದರು. ಕೊಟ್ಟಿಗೆಯೆಲ್ಲ ಧೂಳು, ಸಗಣಿ. ಚಕ್ರಗಳ ಮೇಲೆ ಮಾತ್ರ ಒಂದು ಕಣ ಧೂಳಿಲ್ಲ. ಒಂದೊಂದಕ್ಕೂ ಅರಿಶಿನದ ಬೊಟ್ಟು, ಅವತ್ತು ಬೆಳಿಗ್ಗೆ ಕಿತ್ತ ದಾಸವಾಳ.

"ಯಾರವ್ವಾ ಒರಸೂದು?" ಎಂದು ಭಾವ ಮೆಲ್ಲಗೆ ಕೇಳಿದರು.

"ನಾನೇಯ. ನಮ್ಮೆಜಮಾನ್ರು ದಿನಾ ಒರೆಸೋರು. 'ನೋಡಮ್ಮಿ, ಇಂಗೆ ವಳೀಬೇಕು' ಅನ್ನೋರು. ಅವ್ರು ಓದ್ಮೇಲೆ ಬಿಡಕ್ಕೆ ಮನಸ್ ಬರ್ನಿಲ್ಲ. ನಂಗಂತೂ ಊವ ಮುಡಿಯಂಗಿಲ್ಲ, ಇವುಕ್ಕಾದ್ರೂ ಇರ್ಲಿ ಅಂತ ಮಡುಗ್ತೀನಿ. ಓಗ್ಲಿ ಬುಡಿ, ನೀವೂ ಚೆಂದಾಗಿ ನೋಡ್ಕತೀರ." ಆಕೆ ಸೆರಗಿನಿಂದ ಇನ್ನೊಮ್ಮೆ ಚಕ್ರ ಒರೆಸಿದರು.

ಭಾವ ಮಂಡಿಯೂರಿ ಕೂತು, ಬೆರಳಿನಿಂದ ಕೆಂಪು ಗೆರೆಯನ್ನು ಒಂದು ಸುತ್ತು ಸವರಿದರು. ಎದ್ದು ಪಂಚೆ ಕೊಡವಿಕೊಂಡರು.

"ಇವು ಆ ಕಾಲದವು ಅಲ್ಲ, ಯವ್ವಾ. ನಕಲಿ ಅದಾವ. ನನಗ ಉಪಯೋಗಕ್ಕ ಬರಾಂಗಿಲ್ಲ. ನಿಮ್ಮ ಮಗಗೂ ಹೇಳ್ರಿ, ಬಿಚ್ಚಿ ಮಾರಾಕ ಹೋದ್ರ ಯಾರೂ ತಗೊಳ್ಳಾಂಗಿಲ್ಲ ಅಂತ."

ಆಕೆಯ ಮುಖದಲ್ಲಿ ಕಂಡದ್ದು ಬೇಸರವಲ್ಲ, ನಿರಾಳ. ಅದನ್ನು ನಾನು ಸ್ಪಷ್ಟವಾಗಿ ನೋಡಿದೆ. ನಮಗೆ ಒತ್ತಾಯ ಮಾಡಿ ಮಜ್ಜಿಗೆ ಕೊಟ್ಟು ಕಳಿಸಿದರು.

ಬಸ್ಸಿನಲ್ಲಿ ನಾನು, "ಭಾವ, ಅವು ಅಸಲಿ" ಎಂದೆ. "ಹೌದು" ಎಂದರು. "ಅಕ್ಕಗ ಹೇಳಬ್ಯಾಡ" ಎಂದು ಕಿಟಕಿಯ ಕಡೆ ತಿರುಗಿಕೊಂಡರು. ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು.

ಆದರೆ ಹೇಳದೆ ಇರುವುದು ನನ್ನಿಂದಾದೀತೇ? ಭಾವ ಅಕ್ಕನೆದುರು "ನಕಲಿ" ಎಂದು ಒಂದೇ ಮಾತು ಹೇಳಿ ಮಲಗಿಬಿಟ್ಟರು. ನಾನು ಅಡುಗೆಮನೆಯಲ್ಲಿ ಎಲ್ಲವನ್ನೂ ಒದರಿಬಿಟ್ಟೆ. ಅಕ್ಕ ಹುರುಳಿಕಾಯಿ ಸೋಸುತ್ತಾ ಕೇಳಿಸಿಕೊಂಡಳು.

ಹಬ್ಬದ ದಿನ ಗುಜರಿಯವನು ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಭಾವ ಕೀಲಿಕೈ ಹಿಡಿದು ತಲೆತಗ್ಗಿಸಿ ನಿಂತಿದ್ದರು. ಅಕ್ಕ ರೇಷ್ಮೆ ಸೀರೆಯುಟ್ಟು ಹೊರಬಂದು, "ಹೋಗಪ್ಪಾ, ಮಾರೋ ಗಾಡಿ ಅಲ್ಲ ಇದು" ಎಂದು ಅವನನ್ನು ಕಳಿಸಿಬಿಟ್ಟಳು. ಆಮೇಲೆ ಸೀದಾ ಹೋಗಿ ಕಾರಿನ ಎಡಬಾಗಿಲು ತೆಗೆದಳು. ಅಲ್ಲಿ ಸ್ಟಿಯರಿಂಗ್ ಇತ್ತು. ಅಮೆರಿಕಾ ಕಾರಲ್ಲವೇ! ಸುತ್ತಿ ಬಂದು ಬಲಗಡೆ ಕೂತು ಸೆರಗು ಸರಿಮಾಡಿಕೊಂಡಳು.

"ಏನ್ರೀ ನೋಡ್ತಾ ನಿಂತಿದ್ದೀರಾ? ಹೆಬ್ಬಾಳ ಕೆರೆ ತೋರಿಸ್ತೀನಿ ಅಂದಿದ್ರಲ್ಲ, ಬನ್ನಿ."

ಭಾವ ಒಂದು ಕ್ಷಣ ಅವಳನ್ನೇ ನೋಡಿದರು. ಹತ್ತಿ ಕೂತು ಕೀಲಿ ತಿರುಗಿಸಿದರು. ಕಲ್ಲಿನ ಮೇಲೆಯೇ ಕಾರು ಗುಡುಗಿತು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಭಾವ ಸ್ಟಿಯರಿಂಗ್ ತಿರುಗಿಸುತ್ತಾ ಎದುರಿನ ಕಾಂಪೌಂಡ್ ಗೋಡೆಯ ಕಡೆ ಕೈ ತೋರಿಸಿದರು.

"ನೋಡು, ಕೆರಿ ಬಂತು. ಗಾಳಿ ಎಷ್ಟು ತಣ್ಣಗ ಬೀಸಾಕತ್ತೈತಿ!"

ಅಕ್ಕ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ, "ಸ್ವಲ್ಪ ನಿಧಾನಕ್ಕೆ ಓಡಿಸ್ರೀ" ಎಂದಳು.