ದೆಹಲಿಗೆ ಹೋದ ಬೆನ್ನು

ಅಚ್ಚಾದ ಕಾಗದ ಕಂಡರೆ ನನಗೆ ಭಯ, ಭಕ್ತಿ, ಕೋಪ ಮೂರೂ ಒಟ್ಟಿಗೇ ಬರುತ್ತವೆ. ನಾನು ಓದಿದ್ದು ಎರಡನೇ ಕ್ಲಾಸು, ಅದೂ ಅರ್ಧ. ಮಿಕ್ಕ ಅಕ್ಷರಗಳನ್ನು ಕಲಿತದ್ದು ನಾಟಕ ಕಂಪನಿಯಲ್ಲಿ ಪಾರ್ಟು ಬಾಯಿಪಾಠ ಮಾಡುವುದಕ್ಕೆ. ಸ್ತ್ರೀಪಾರ್ಟೇ ಮಾಡಿದವನಾದ್ದರಿಂದ ನಾನು ಏನು ಬರೆಯಲು ಕೂತರೂ ಯಾರೋ ಮಹಾರಾಣಿ ಮಾತಾಡಿದ ಹಾಗೆ ಆಗಿಬಿಡುತ್ತದೆ. ಒಮ್ಮೆ ನಮ್ಮ ತುಮಕೂರಿನ ಬೀದಿ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಮುನಿಸಿಪಾಲಿಟಿಗೆ ಅರ್ಜಿ ಬರೆದೆ. ಅದು ‘ಹಾ ವಿಧಿಯೇ’ ಎಂದು ಶುರುವಾಗಿತ್ತು. ನೀರೇನೋ ಬಂತು, ಅದು ಬೇರೆ ಮಾತು.

ಈಗ ನನಗೆ ಕೋಪ ತರಿಸಿದ್ದು ದೆಹಲಿಯಿಂದ ಬಂದ ಒಂದು ಪುಟ್ಟ ಪುಸ್ತಕ. ನಮ್ಮ ಸರ್ಕಾರ ಅಲ್ಲಿ ಒಂದು ನಾಟಕ ಶಾಲೆ ತೆರೆದಿದೆಯಂತೆ. ಮೊಮ್ಮಗಳು ರತ್ನ ಅದಕ್ಕೆ ಅರ್ಜಿ ಹಾಕಿ, ಬೆಂಗಳೂರಿಗೆ ಹೋಗಿ ಪರೀಕ್ಷೆ ಕೊಟ್ಟು, ಆಯ್ಕೆಯೂ ಆಗಿಬಿಟ್ಟಿದ್ದಳು. ಸುದ್ದಿ ಬಂದ ದಿನ ನಾನು ಬೀದಿಯ ಮನೆಮನೆಗೂ ಸಕ್ಕರೆ ಹಂಚಿದೆ. ಎದುರು ಮನೆಯ ಟೈಲರ್ ಸಾಬರಿಗೆ ಎರಡು ಸಲ ಹಂಚಿದೆನಂತೆ, ನನಗೆ ನೆನಪಿಲ್ಲ. ನಾಟಕ ಕಲಿಯುವುದಕ್ಕೆ ಸರ್ಕಾರವೇ ಊಟ ಹಾಕುತ್ತದೆ, ಹೆಣ್ಣುಮಕ್ಕಳಿಗೆ ಹಾಸ್ಟೆಲ್ಲು ಬೇರೆ ಇದೆ! ನಮ್ಮ ಕಾಲದಲ್ಲಿ ನಾಟಕದವರಿಗೆ ಮನೆ ಬಾಡಿಗೆಗೂ ಕೊಡುತ್ತಿರಲಿಲ್ಲ.

ಅದೇ ಸಂತೋಷದಲ್ಲಿ, ಆ ಪುಸ್ತಕದಲ್ಲಿ ಏನಿದೆ ಓದು ಮಗಾ ಎಂದೆ. ಇಂಗ್ಲಿಷಿನಲ್ಲಿತ್ತು. ರತ್ನ ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದಳು. ಮೊದಲ ಪುಟವೇ ಶಾಲೆಯ ಚರಿತ್ರೆ. ದೇಶ ಸ್ವತಂತ್ರವಾಯಿತು, ದೊಡ್ಡವರೆಲ್ಲ ಕೂತು ಯೋಚಿಸಿದರು, ಶಾಲೆ ಕಟ್ಟಿದರು, ಎಲ್ಲ ಸರಿ. ಆಮೇಲೆ ಒಂದು ವಾಕ್ಯ ಬಂತು. ‘ಇದಕ್ಕೆ ಮೊದಲು ಈ ದೇಶದಲ್ಲಿ ನಟನೆಯನ್ನು ಕ್ರಮವಾಗಿ ಕಲಿಸುವ ವ್ಯವಸ್ಥೆ ಇರಲಿಲ್ಲ.’

“ಇನ್ನೊಂದ್ಸಲ ಓದು” ಎಂದೆ.

“ತಾತ, ಬೈಬೇಡ. ನಾನ್ ಬರ್ದಿದ್ದಲ್ಲ ಅದು.”

“ಇರ್ಲಿಲ್ವಂತಾ? ಹಂಗಾದ್ರೆ ನಾನು ಗುಬ್ಬೀಲಿ ಹನ್ನೆರಡು ವರ್ಷ ಕತ್ತೆ ಕಾಯ್ತಿದ್ನಾ?”

ಒಳಗಿನಿಂದ ನನ್ನ ಹೆಂಡತಿ ಪುಟ್ಟಮ್ಮ, “ಕತ್ತೆ ಕಾಯೋರ್ಗೆ ಸಂಬಳನಾದ್ರೂ ಕೊಡೋರು ಬುಡಿ” ಎಂದಳು.

ಗುಬ್ಬಿ ಎಂದಕೂಡಲೇ ನೀವೇನೋ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ನಮ್ಮದು ಹೆಸರಾದ ಕಂಪನಿಯಲ್ಲ. ಹೆಸರಾದ ಕಂಪನಿ ಊರು ಬಿಟ್ಟು ಹೋದಮೇಲೆ ಆ ಊರಿಗೆ ಹೋಗುವಂಥ ಸಣ್ಣ ಕಂಪನಿ. ಆದರೆ ಕ್ರಮಕ್ಕೇನು ಕಮ್ಮಿ ಇತ್ತು? ಒಂಬತ್ತು ವರ್ಷದವನು ಸೇರಿದೆ. ಬೆಳಿಗ್ಗೆ ಎದ್ದು ತಲೆಯ ಮೇಲೆ ನೀರು ತುಂಬಿದ ತಂಬಿಗೆ ಇಟ್ಟುಕೊಂಡು ರಾಣಿ ನಡೆಯುವ ಹಾಗೆ ನಡೆಯಬೇಕು. ಒಂದು ತೊಟ್ಟು ಚೆಲ್ಲಿದರೆ ಹುಣಸೆ ಬರಲಿನ ಏಟು. ನಗುವುದಕ್ಕೆ ಒಂದು ವರ್ಷ, ಅಳುವುದಕ್ಕೆ ಒಂದು ವರ್ಷ. ಎಲ್ಲಕ್ಕಿಂತ ದೊಡ್ಡ ಪಾಠ, ಪ್ರೇಕ್ಷಕರಿಗೆ ಬೆನ್ನು ತೋರಿಸಕೂಡದು. ರಂಗದಿಂದ ಹೊರಗೆ ಹೋಗುವುದಾದರೆ ಮುಖ ಜನರ ಕಡೆಯೇ ಇರಬೇಕು, ಏಡಿಯ ಹಾಗೆ ಅಡ್ಡಡ್ಡ ಸರಿಯಬೇಕು. ಪ್ರೇಕ್ಷಕನೇ ದೇವರು, ದೇವರಿಗೆ ಯಾರಾದರೂ ಬೆನ್ನು ತೋರಿಸುತ್ತಾರೆಯೇ ಎನ್ನುತ್ತಿದ್ದರು ನಮ್ಮ ಯಜಮಾನರು. ಈ ವಿದ್ಯೆ ನನ್ನ ಮೈಗೆ ಎಷ್ಟು ಹತ್ತಿತೆಂದರೆ, ಮದುವೆಯ ದಿನ ನಾನು ಮಂಟಪದಿಂದ ಹಿಂದುಹಿಂದಕ್ಕೇ ಇಳಿದು ಮಾವನವರ ಕಾಲು ತುಳಿದೆ. ಈಗಲೂ ಪೋಸ್ಟಾಫೀಸಿನಿಂದ ಹಾಗೆಯೇ ಹೊರಬರುತ್ತೇನೆ. ಪೋಸ್ಟ್ ಮಾಸ್ಟರು ನನ್ನನ್ನು ಬಹಳ ವಿನಯವಂತ ಅಂದುಕೊಂಡಿದ್ದಾರೆ.

ರತ್ನನಿಗೆ ಏಳು ವರ್ಷವಾದಾಗಿನಿಂದ ನಮ್ಮ ಹಿತ್ತಲಲ್ಲಿ ಈ ಪಾಠ ನಡೆದಿದೆ. ಸ್ಕೂಲಿನಲ್ಲಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸು ಎಂದರೆ ಅವಳು ಹುಡುಗಿಯರ ಕಡೆ ಮುಖ ಮಾಡಿಕೊಂಡು ಕೈ ಮಾತ್ರ ಹಿಂದೆ ಚಾಚಿ ಬರೆಯುತ್ತಿದ್ದಳು. ಮೇಡಂ ಮನೆಗೇ ಬಂದು ದೂರು ಹೇಳಿದರು. ನಾನು ಹೆಮ್ಮೆಯಿಂದ ಕಾಫಿ ಕೊಟ್ಟು ಕಳಿಸಿದೆ.

ಹೀಗಿರುವಾಗ ಕಲಿಸುವ ವ್ಯವಸ್ಥೆಯೇ ಇರಲಿಲ್ಲವಂತೆ! ಮಾರನೆಯ ದಿನವೇ ಕೂತು ದೆಹಲಿಗೆ ನಾಲ್ಕು ಹಾಳೆ ಬರೆದೆ. ‘ಎಲೈ ವಿದ್ಯಾಶಾಲೆಯ ಅಧಿಪತಿಗಳಿರಾ’ ಎಂದು ಶುರುಮಾಡಿ, ಗುಬ್ಬಿ, ಕುಣಿಗಲ್ಲು, ಸಿ.ಎಸ್. ಪುರ, ಊರ್ಡಿಗೆರೆ, ನಾವು ಎಲ್ಲೆಲ್ಲಿ ಡೇರೆ ಹಾಕಿದೆವೋ ಅಲ್ಲೆಲ್ಲ ಒಂದೊಂದು ಶಾಲೆ ಇದ್ದಂತೆಯೇ ಸರಿ, ಆದ್ದರಿಂದ ಆ ವಾಕ್ಯವನ್ನು ಹೊಡೆದುಹಾಕತಕ್ಕದ್ದು ಎಂದು ಮುಗಿಸಿದೆ. ಬೆನ್ನಿನ ನಿಯಮಕ್ಕೇ ಒಂದು ಹಾಳೆ ಹಿಡಿಯಿತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿರುವ ಮಗ ಅದನ್ನು ಇಂಗ್ಲಿಷ್ ಮಾಡಿದ. ಅವನು ಮಾಡಿದ್ದು ಆರೇ ಸಾಲು. ಸಿಟ್ಟನ್ನೆಲ್ಲ ಎಲ್ಲಿ ಬಿಟ್ಟೆಯೋ ಎಂದು ಕೇಳಿದರೆ, “ಸರ್ಕಾರಕ್ಕೆ ಸಿಟ್ಟು ಹಿಂಗೇ ಬರ್ಯೋದು, ಅಪ್ಪಾ” ಎಂದ. ಜವಾಬು ಬರಲಿಲ್ಲ. ರತ್ನ ಮಾತ್ರ ಟ್ರಂಕು ಹಿಡಿದು ರೈಲು ಹತ್ತಿದಳು.

ಎರಡು ತಿಂಗಳಿಗೆ ಅವಳ ಕಾಗದ ಬಂತು. ಅದನ್ನು ನಾನೇ ಗಟ್ಟಿಯಾಗಿ ಓದಿ ಪುಟ್ಟಮ್ಮನಿಗೆ ಕೇಳಿಸಿದೆ. ‘ತಾತ, ಇಲ್ಲಿ ಒಬ್ಬ ಮೇಷ್ಟ್ರು ನನಗೆ ಕಿಟಕಿಯ ಕಡೆ ತಿರುಗಿ, ಯಾರಿಗೋ ಕಾಯುತ್ತಾ ಸುಮ್ಮನೆ ನಿಂತುಕೋ ಅಂದರು. ಅರ್ಧ ತಿರುಗುತ್ತೇನೆ, ಕಾಲು ತಾನಾಗಿಯೇ ವಾಪಸ್ಸು ಬರುತ್ತದೆ. ಎಲ್ಲರೂ ನಗುತ್ತಾರೆ. ಪ್ರೇಕ್ಷಕನೇ ದೇವರು ಅಂತ ನೀನು ಹೇಳಿದ್ದನ್ನೇ ಹೇಳಿದೆ. ಅದು ಗುಡಿಗಾಯಿತು, ನಾಟಕದ ಕಾರಣ ಹೇಳು ಅಂದರು. ಈ ಟರ್ಮು ಮುಗಿಯುವುದರೊಳಗೆ ತಿರುಗುವುದು ಕಲಿಯದಿದ್ದರೆ ಊರಿಗೆ ಕಳಿಸುತ್ತಾರೆ. ತಾತ, ನಿಜವಾದ ಕಾರಣ ಏನಾದರೂ ಇದ್ದರೆ ಬರೆ. ಅದು ಗೊತ್ತಾದರೆ ಕಾಲು ನನ್ನ ಮಾತು ಕೇಳಬಹುದು.’

ಮೊದಲು ನಾನು ಆ ಮೇಷ್ಟರನ್ನು ಬೈದೆ. ಆಮೇಲೆ ದೆಹಲಿಯನ್ನು ಬೈದೆ. ಕಿಟಕಿ ಕಡೆ ತಿರುಗಿ ನಿಲ್ಲುವುದಕ್ಕೆ ಸರ್ಕಾರ ಊಟ ಹಾಕಬೇಕೇ, ಅದನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಪುಕ್ಕಟೆ ಮಾಡುತ್ತಾರಲ್ಲ ಎಂದು ಕೂಗಾಡಿದೆ. ಪುಟ್ಟಮ್ಮ ಎದ್ದು ಹೋಗಿ ಅಟ್ಟದ ಕೆಳಗಿನ ಹಳೆಯ ಪೆಟ್ಟಿಗೆ ತೆಗೆದು, ನನ್ನ ಮಖಮಲ್ಲಿನ ಕುಪ್ಪಸ ತಂದು ಮುಂದೆ ಹಾಕಿದಳು. ಅಂಗಾತ ಹಾಕಿದ್ದರೆ ಸರಿಯಿತ್ತು. ಬೋರಲು ಹಾಕಿದಳು.

ಮುಚ್ಚುಮರೆ ಏಕೆ, ಹೇಳಿಬಿಡುತ್ತೇನೆ. ಆ ಕುಪ್ಪಸಕ್ಕೆ ಮುಂದೆ ಕೆಂಪು ಮಖಮಲ್ಲು, ಜರಿ, ಗಾಜಿನ ಮಣಿ. ಹಿಂದೆ ಗೋಣಿತಟ್ಟು. ನಮ್ಮ ಯಜಮಾನರು ಒಂದು ರಾಣಿಗಾಗುವಷ್ಟು ಮಖಮಲ್ಲು ತಂದು ಇಬ್ಬರು ರಾಣಿಯರಿಗೆ ಮುಂಭಾಗ ಮಾತ್ರ ಹೊಲಿಸಿದ್ದರು. ಹಿಂಭಾಗಕ್ಕೆ ಅಡುಗೆಮನೆಯ ಅಕ್ಕಿ ಚೀಲ ಕತ್ತರಿಸಿದ್ದರು. ಅದರ ಮೇಲೆ ಯಾವುದೋ ಅಕ್ಕಿ ಮಂಡಿಯ ನೀಲಿ ಮುದ್ರೆ ಈಗಲೂ ಹಾಗೇ ಇದೆ. ಸೀರೆಯೂ ಅರ್ಧವೇ, ಸೆರಗು ಬೆನ್ನಿಗೆ ಎಟುಕುತ್ತಿರಲಿಲ್ಲ. ಇದೇ ನಮ್ಮ ದೇವರು, ಇದೇ ನಮ್ಮ ಶಾಸ್ತ್ರ. ಗೋಣಿ ಚುಚ್ಚಿ ಚುಚ್ಚಿ ನನ್ನ ಕಣ್ಣಲ್ಲಿ ಬರುತ್ತಿದ್ದ ನೀರಿಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಕುಣಿಗಲ್ಲಿನಲ್ಲಿ ಒಂದು ದಿನ ಪರದೆಯ ಬೊಂಬು ಬಿದ್ದ ಸದ್ದಿಗೆ ಬೆಚ್ಚಿ ಸರ್ರನೆ ತಿರುಗಿಬಿಟ್ಟೆ. ನೆಲದ ಮೇಲೆ ಕೂತಿದ್ದವನೊಬ್ಬ, “ಅಮ್ಮಾ ಮಹಾರಾಣಿ, ಯಾವ ಮಂಡೀದಮ್ಮಾ ಅಕ್ಕಿ?” ಎಂದ. ಇನ್ನೊಬ್ಬ, “ಏನ್ಲಾ, ಮಗ್ಗಲಿಗೆ ಹೊಲಿಗೆ ಬಿಟ್ಟೈತೆ, ಅಕ್ಕಿ ಸೋರ್ತದೆ ಹಿಡ್ಕಳ್ರೋ!” ಎಂದ. ಆ ಊರಿನಲ್ಲಿ ಮತ್ತೆ ನಮ್ಮ ನಾಟಕ ನಡೆಯಲಿಲ್ಲ. ಈ ಮಾತನ್ನು ನಾನು ಪುಟ್ಟಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅವಳಿಗೂ ಹೇಳಿದ್ದಲ್ಲ, ಒಗೆಯುವಾಗ ಅವಳೇ ನೋಡಿದ್ದು.

“ಬರೀರಿ” ಎಂದಳು.

“ದೇವರು ಅಂತ ಹೇಳ್ಕೊಟ್ಟೋನು ಈಗ ಗೋಣಿಚೀಲ ಅಂತ ಬರೀಲಾ? ನನ್ನ ಮಾನ?”

“ನಿಮ್ಮ ಮಾನ ಹೋದ್ರೆ ಇಲ್ಲೇ ತುಮಕೂರಲ್ಲಿ ಹೋಯ್ತದೆ. ಮಗೀದು ಡೆಲ್ಲೀಲಿ ಹೋಗ್ಬೇಕಾ?”

ಬರೆದೆ. ನನ್ನ ಜೀವಮಾನದಲ್ಲಿ ‘ಹಾ ವಿಧಿಯೇ’ ಇಲ್ಲದೆ ಬರೆದ ಕಾಗದ ಅದೊಂದೇ. ‘ಮಗಾ, ಅದು ಗೋಣಿತಟ್ಟು. ನಿನ್ನ ಬೆನ್ನಿನ ಮೇಲೆ ಅದಿಲ್ಲ. ತಿರುಗು.’ ಇಷ್ಟೇ ಬರೆದು, ಪೋಸ್ಟಾಫೀಸಿನಿಂದ ಮಾಮೂಲಿನ ಹಾಗೆ ಹಿಂದುಹಿಂದಕ್ಕೆ ಬಂದೆ.

ಅವಳ ಮರುಕಾಗದ ಬಂತು. ರತ್ನ ತಿರುಗಿದಳಂತೆ. ಕಿಟಕಿಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತಳಂತೆ. ಎದುರು ಕೂತವರಲ್ಲಿ ಒಬ್ಬಿಬ್ಬರು ಕಣ್ಣು ಒರೆಸಿಕೊಂಡರಂತೆ. ಬರೀ ಬೆನ್ನು ನೋಡಿ ಅಳುತ್ತಾರೆಯೇ! ನನಗೆ ನಂಬಿಕೆ ಬರಲಿಲ್ಲ. ಕಾಗದ ಮಡಿಸಿ, ಎದ್ದು ಕಿಟಕಿಯ ಹತ್ತಿರ ಹೋಗಿ ಬೀದಿ ನೋಡುತ್ತಾ ನಿಂತೆ. ಹಿಂದಿನಿಂದ ಪುಟ್ಟಮ್ಮ, “ಕಣ್ಣೊರಸ್ಕಳ್ರೀ, ಸಾಬ್ರು ನೋಡ್ತಾವ್ರೆ” ಎಂದಳು. ನನ್ನ ಮುಖ ಅವಳಿಗೆ ಕಾಣುತ್ತಲೇ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸಂತೋಷವಾಗಿಯೇ ಇರುತ್ತಿದ್ದೆ. ಮೊನ್ನೆ ಶಾಲೆಯಿಂದಲೇ ಮೊಹರು ಹಾಕಿದ ಕಾಗದ ಬಂದಿದೆ. ಮಗ ಓದಿ ಹೇಳಿದ. ರತ್ನ ನಮ್ಮ ಕುಪ್ಪಸದ ಕಥೆಯನ್ನು ಕ್ಲಾಸಿಗೆಲ್ಲ ಹೇಳಿದ್ದಾಳೆ. ನನ್ನ ಆಕ್ಷೇಪಣೆ ನ್ಯಾಯವಾದದ್ದಂತೆ, ಪುಸ್ತಕದಲ್ಲಿ ಆ ವಾಕ್ಯವನ್ನು ತಿದ್ದುತ್ತಾರಂತೆ. ಆ ಕುಪ್ಪಸವನ್ನು ದಯಮಾಡಿ ಕಳಿಸಿಕೊಟ್ಟರೆ ಶಾಲೆಯ ಗಾಜಿನ ಬೀರುವಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಬೆನ್ನು ಮುಂದೆ ಮಾಡಿ ತೂಗುಹಾಕುತ್ತಾರಂತೆ. ಬೆನ್ನು ಮುಂದೆ! ಕುಣಿಗಲ್ಲಿನ ಜನ ಮಾತ್ರ ನೋಡಿದ್ದನ್ನು ಇನ್ನು ಮೇಲೆ ಇಡೀ ದೇಶ ನೋಡಬೇಕು, ಅದೂ ಸರ್ಕಾರದ ಖರ್ಚಿನಲ್ಲಿ. ಇದನ್ನು ಖಂಡಿಸಿ ಆರು ಹಾಳೆ ಬರೆದಿಟ್ಟಿದ್ದೇನೆ.

ಬರೆದದ್ದನ್ನು ಕುಪ್ಪಸ ಕಳಿಸುವ ಪಾರ್ಸಲ್ಲಿನೊಳಗೇ ಇಟ್ಟಿದ್ದೇನೆ. ಕುಪ್ಪಸವನ್ನು ಬಿಸಿಲಿಗೆ ಹಾಕಿ, ಬಿಚ್ಚಿಹೋಗಿದ್ದ ಮಗ್ಗಲ ಹೊಲಿಗೆಯನ್ನು ಸಾಬರ ಕೈಲಿ ಹಾಕಿಸಿ, ಮಖಮಲ್ಲು ಮೇಲೆ ಕಾಣುವಂತೆ ನಾನೇ ಮಡಿಸಿದೆ. ಪುಟ್ಟಮ್ಮ ಅದನ್ನು ತಿರುವಿ ಹಾಕಿ ದಾರ ಕಟ್ಟಿದಳು. ನಾನು ಒಂದೇ ಒಂದು ಕೆಲಸ ಮಾಡಿದೆ: ಆ ನೀಲಿ ಮುದ್ರೆ ಮಾಸಿದೆಯಲ್ಲ, ದೂರದಿಂದ ಬಂದವರಿಗೆ ಕಾಣಲಿ ಎಂದು ಮೊಮ್ಮಗಳ ಇಂಕಿನ ಬುಡ್ಡಿ ತೆಗೆದು ಅಕ್ಷರಗಳನ್ನು ಚೆನ್ನಾಗಿ ತಿದ್ದಿದೆ.