ನಮ್ಮ ಬ್ಯಾಂಡಿನ ಮೇಲೆ ಯಾರ ಕಣ್ಣು?

ನಂಜನಗೂಡಿನ ಹೈಸ್ಕೂಲೊಂದರಲ್ಲಿ ನಾನು ಡ್ರಿಲ್ ಮೇಷ್ಟ್ರು. ಡ್ರಮ್ಮು, ಬ್ಯೂಗಲ್ಲು ಸೇರಿಸಿ ಮಕ್ಕಳ ಬ್ಯಾಂಡ್ ಕಟ್ಟಿ ಆರು ವರ್ಷವಾಯಿತು. ಅವತ್ತಿನಿಂದ ನನಗೆ ಯಾರ ಮೇಲೂ ನಂಬಿಕೆಯಿಲ್ಲ, ಎಡವಟ್ಟಿಗೂ ಬಿಡುವಿಲ್ಲ.

೧. ಒಪ್ಪಿಗೆ

ಡ್ರಮ್ ಹೊಡೆಯಲು ಒಬ್ಬ ಹುಡುಗಿಯನ್ನು ಆರಿಸಿದೆ. ತಾಂಡ್ಯದ ಫ್ಯಾಕ್ಟರಿಗೆ ಹೋಗುವ ಅವಳಪ್ಪ ಬಂದು ನನ್ನನ್ನೇ ದುರುಗುಟ್ಟಿ ನೋಡಿದ.

"ದಿಟ ಏಳಿ ಸಾ. ಇವರ್ನ ಮದ್ವೆಗಳಿಗೆ ಕರ್ಕೊಂಡೋಯ್ತೀರ?"

"ಸ್ಪರ್ಧೆಗೆ ಮಾತ್ರ ಕಣ್ರೀ" ಅಂದೆ. ನಂಬಲಿಲ್ಲ. ವಾರ ಬಿಟ್ಟು ಮತ್ತೆ ಬಂದ.

"ಆಯ್ತು ಸಾ, ಒಪ್ಕೊಂಡೆ. ಆದ್ರೆ ಮೊದ್ಲು ನನ್ ತಂಗಿ ಮದ್ವೆಗೇ ಬರ್ಬೇಕು."

೨. ಗೂಢಚಾರ

ಪ್ರತಿವರ್ಷ ಶೀಲ್ಡ್ ಹೊಡೆಯುತ್ತಿದ್ದದ್ದು ಟಿ. ನರಸೀಪುರದ ಬ್ಯಾಂಡು. ನಾವು ಎರಡನೆಯವರು. ಈ ಸಲ ಗೆಲ್ಲದಿದ್ದರೆ ಡ್ರಮ್ಮುಗಳನ್ನು ಸ್ಟೋರ್ ರೂಮಿಗೆ ಹಾಕಿಸುತ್ತೇನೆ ಅಂತ ಹೆಡ್ಮಾಸ್ಟರು ಹೇಳಿಬಿಟ್ಟಿದ್ದರು.

ಅಂಥದ್ದರಲ್ಲಿ ದಿನಾ ಸಂಜೆ ಕಾಂಪೌಂಡಿನಾಚೆ ಒಬ್ಬ ನಿಂತು ಗಡಿಯಾರ ನೋಡುತ್ತಿದ್ದ. ನರಸೀಪುರದವರೇ ಕಳಿಸಿದ್ದಾರೆ ಅಂತ ಮೂರು ಸಲ ಟ್ಯೂನ್ ಬದಲಾಯಿಸಿದೆ. ಕೊನೆಗೆ ಹಿಡಿದು ಕೇಳಿದೆ.

"ಅಯ್ಯೋ ಸಾ, ಪಕ್ಕದ ಕೊಟ್ಗೆ ನಂದೇ. ನೀವು ಬಡಿಯೋದು ನಿಲ್ಸೋಗಂಟ ನನ್ ಎಮ್ಮೆ ಆಲು ಕೊಡಕಿಲ್ಲ."

೩. ಭದ್ರ

ಈ ಸಲದ ಸ್ಪರ್ಧೆ ನರಸೀಪುರದಲ್ಲೇ. ಬ್ಯೂಗಲ್ಲಿಗೆ ಸಿಗಿಸಿ ಊದುವ ಮೌತ್‌ಪೀಸುಗಳನ್ನು ಅವರು ಎಗರಿಸಿಬಿಟ್ಟಾರು ಅಂತ ಹಿಂದಿನ ದಿನವೇ ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೈದಾನದಲ್ಲಿ ನಿಂತು ಜೇಬು ಮುಟ್ಟಿದೆ. ಬೀಗದ ಕೈ ಭದ್ರವಾಗಿತ್ತು. ಬೀರು ನಂಜನಗೂಡಿನಲ್ಲಿತ್ತು.

ಮಕ್ಕಳ ಮುಖ ನೋಡಲಾಗಲಿಲ್ಲ. ನಾಚಿಕೆ ಬಿಟ್ಟು ನರಸೀಪುರದ ಬ್ಯಾಂಡ್ ಮೇಷ್ಟ್ರ ಹತ್ತಿರ ಹೋದೆ. ಅವರ ತಂಡ ಆಗತಾನೆ ನುಡಿಸಿ ಮುಗಿಸಿತ್ತು. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಮ್ಮ ಶರ್ಟು ಎತ್ತಿ, ಸೊಂಟಕ್ಕೆ ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿದರು. ಅದರಲ್ಲಿ ಅವರ ಮೌತ್‌ಪೀಸುಗಳು ಬೆಚ್ಚಗಿದ್ದವು. ಏನಾದರೂ ಸವರಿದ್ದಾರೇನೋ ಅಂತ ಮೂಸಿ ನೋಡಿಯೇ ಮಕ್ಕಳಿಗೆ ಕೊಟ್ಟೆ.

ಶೀಲ್ಡ್ ನಮಗೆ ಬಂತು. ಮೌತ್‌ಪೀಸು ವಾಪಸ್ ಕೊಡುವಾಗ ನನ್ನ ಕಣ್ಣು ತುಂಬಿತ್ತು. ಅವರು ಗಂಟು ಕಟ್ಟಿಕೊಳ್ಳುತ್ತಾ ಹೇಳಿದರು:

"ನೀವು ಕದೀತೀರಿ ಅಂತ ಆರು ವರ್ಷ ಇದನ್ನ ಸೊಂಟಕ್ಕೆ ಕಟ್ಕೊಂಡು ಓಡಾಡ್ದೆ ಮೇಷ್ಟ್ರೇ. ಕೊನೆಗೆ ನಾನೇ ಬಿಚ್ಚಿ ಕೊಟ್ಟೆ."